ಓದುಗರ ಪ್ರಶ್ನೆ: ಹೊರಟೆವು ಅಂದವರು ಹೊಸ್ತಿಲಲ್ಲೇ ನಿಂತದ್ದೇಕೆ?

ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ (ಬ್ರೆಕ್ಸಿಟ್) ರೀತಿಯ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ. ಒಂದೇ ಅರ್ಥದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಜನ ಮತ ಹಾಕಿದ್ದು 2016ರಲ್ಲಿ, ಹೊರಬಿದ್ದದ್ದು 2020ರಲ್ಲಿ. ನಡುವೆ ಬಿಡಬೇಕು ಅಂದವರೂ ಬೀದಿಗಿಳಿದರು, ಇರಬೇಕು ಅಂದವರೂ ಬೀದಿಗಿಳಿದರು. ಗೆದ್ದವರಿಗೂ ಸಿಟ್ಟು, ಸೋತವರಿಗೂ ಸಿಟ್ಟು. ಹಿಂಗ್ಯಾಕಾತ್ರಿ?
ನಿವೃತ್ತ ಶಿಕ್ಷಕರು, ಲಿಂಗಸುಗೂರು

ಉತ್ತರ: ಸಿಟ್ಟಿನ ಬೇರು ಮತಪತ್ರದಲ್ಲೇ ಇದೆ. 2016ರ ಜೂನ್ 23ರಂದು ಜನರ ಮುಂದಿಟ್ಟದ್ದು ಎರಡೇ ಚೌಕ, ಒಕ್ಕೂಟದಲ್ಲಿ ಇರುವುದು ಅಥವಾ ಬಿಡುವುದು. 'ಇರುವುದು' ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು, ಅದು ಆಗಲೇ ನಡೆಯುತ್ತಿದ್ದ ವ್ಯವಸ್ಥೆ. 'ಬಿಡುವುದು' ಎಂದರೆ ಏನು? ನಾರ್ವೆಯ ಹಾಗೆ ಸದಸ್ಯತ್ವ ಇಲ್ಲದೆಯೂ ಅವರ ಮಾರುಕಟ್ಟೆಯೊಳಗೆ ಉಳಿಯಬಹುದು. ಕೆನಡಾದ ಹಾಗೆ ಬರೀ ವ್ಯಾಪಾರ ಒಪ್ಪಂದ ಮಾಡಿಕೊಳ್ಳಬಹುದು. ಏನೂ ಇಲ್ಲದೆ ಎದ್ದು ನಡೆಯಲೂಬಹುದು. ಬಿಡುವ ಪರ ಬಿದ್ದ 1,74,10,742 ಮತಗಳಲ್ಲಿ ಯಾವುದು ಯಾವ ಅರ್ಥದ್ದು ಎಂದು ಬಿಡಿಸಿ ಹೇಳುವ ದಾರಿಯೇ ಇರಲಿಲ್ಲ. ಇರುವ ಪರ ಬಿದ್ದದ್ದು 1,61,41,241. ಅಂತರ ನೂರಕ್ಕೆ ನಾಲ್ಕೂ ಇಲ್ಲ.

ನಮ್ಮಲ್ಲೇ ಹೋಲಿಕೆಗೆ 1967ರ ಜನವರಿಯ ಗೋವಾ ಜನಮತಗಣನೆ ಇದೆ. ಮಹಾರಾಷ್ಟ್ರಕ್ಕೆ ಸೇರುವುದೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವುದೋ? ಎರಡೂ ಕಣ್ಣ ಮುಂದಿದ್ದ ವ್ಯವಸ್ಥೆಗಳು. ಸುಮಾರು 34 ಸಾವಿರ ಮತಗಳ ಅಂತರದಲ್ಲಿ ಉಳಿಯುವ ಪಕ್ಷ ಗೆದ್ದಿತು, ವಿಲೀನದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಬ್ರಿಟನ್ನಿನಲ್ಲಿ ಎಣಿಕೆ ಮುಗಿದ ಮೇಲೆ ಪ್ರಶ್ನೆ ಶುರುವಾಯಿತು.

ಎರಡನೆಯ ತಪ್ಪು ಗಡಿಯಾರದ್ದು. ಲಿಸ್ಬನ್ ಒಪ್ಪಂದದ 50ನೇ ವಿಧಿಯಂತೆ, ಬಿಡುವ ದೇಶ ನೋಟಿಸು ಕೊಟ್ಟ ದಿನದಿಂದ ಎರಡು ವರ್ಷ ಅವಕಾಶ. ಅಷ್ಟರೊಳಗೆ ಒಪ್ಪಂದವಾಗದಿದ್ದರೆ ತಾನಾಗಿಯೇ ಹೊರಗೆ. ಅವಧಿ ವಿಸ್ತರಿಸಬೇಕಾದರೆ ಉಳಿದ 27 ದೇಶಗಳೂ ಹೂಂ ಅನ್ನಬೇಕು. ಅಂದರೆ ನೋಟಿಸು ಕೊಟ್ಟ ಕ್ಷಣದಿಂದ ಅವಸರವೆಲ್ಲ ಹೋಗುವವನದು, ಕೂತು ಕಾಯುವ ಸುಖ ಎದುರಿನವರದು. ಮನೆ ಪಾಲಿನ ಪಂಚಾಯ್ತಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಏನೇನು ಕೇಳಬೇಕೆಂದು ಅಣ್ಣತಮ್ಮಂದಿರು ಮೊದಲು ತಮ್ಮೊಳಗೇ ಮಾತಾಡಿಕೊಂಡು ಆಮೇಲೆ ಹಿರಿಯರ ಮುಂದೆ ಕೂರುತ್ತಾರೆ.

ಆಗ ಪ್ರಧಾನಿಯಾಗಿದ್ದ ತೆರೇಸಾ ಮೇ ಅವರ ಸರ್ಕಾರ ಉಲ್ಟಾ ಮಾಡಿತು. 2017ರ ಮಾರ್ಚ್ 29ರಂದು ನೋಟಿಸು ಕೊಟ್ಟಿತು. ಗಡಿಯಾರ ಓಡುತ್ತಿರುವಾಗಲೇ ಜೂನ್ 8ಕ್ಕೆ ಚುನಾವಣೆ ಇಟ್ಟುಕೊಂಡು ಇದ್ದ ಬಹುಮತವನ್ನೂ ಕಳಕೊಂಡು, ಬ್ರಿಟನ್ನಿನ ಭಾಗವಾಗಿಯೇ ಇರಬೇಕೆನ್ನುವ ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಸದಸ್ಯರ ಹಂಗಿಗೆ ಬಿತ್ತು. ತನಗೆ ಏನು ಬೇಕೆಂದು ಸಂಪುಟ ಒಂದು ಮಾತಿಗೆ ಬಂದದ್ದು 2018ರ ಜುಲೈನಲ್ಲಿ. ಇಪ್ಪತ್ನಾಲ್ಕು ತಿಂಗಳಲ್ಲಿ ಹದಿನೈದು ಕೈಬಿಟ್ಟು ಹೋಗಿತ್ತು. ಆ ಮಾತೂ ಮೂರು ದಿನ ನಿಲ್ಲಲಿಲ್ಲ, ಸಚಿವರಾದ ಡೇವಿಡ್ ಡೇವಿಸ್ ಮತ್ತು ಬೋರಿಸ್ ಜಾನ್ಸನ್ ಬೆನ್ನುಬೆನ್ನಿಗೆ ರಾಜೀನಾಮೆ ಎಸೆದರು.

ಮುಂದಿನದು ನೀವು ಟಿವಿಯಲ್ಲಿ ಕಂಡದ್ದು. ಒಕ್ಕೂಟದ ಜೊತೆ ಮೇ ಮಾಡಿಕೊಂಡ ಬಿಡುಗಡೆಯ ಒಪ್ಪಂದ ಸಂಸತ್ತಿಗೆ ಬಂತು. 2019ರ ಜನವರಿ 15ರಂದು 432-202ರಲ್ಲಿ ಬಿತ್ತು, ಮಾರ್ಚ್ 12ಕ್ಕೆ 391-242, ಮಾರ್ಚ್ 29ಕ್ಕೆ 344-286. ಹಾಗಾದರೆ ನಿಮಗೆ ಬೇಕಾದ್ದಾದರೂ ಏನು ಎಂದು ತಿಳಿಯಲು ಮಾರ್ಚ್ 27ರಂದು ಸದಸ್ಯರೇ ಎಂಟು ಆಯ್ಕೆಗಳನ್ನು ಮತಕ್ಕೆ ಹಾಕಿದರು. ಎಂಟೂ ಬಿದ್ದವು. ಏಪ್ರಿಲ್ 1ರಂದು ನಾಲ್ಕು ಹಾಕಿದರು, ಅವೂ ಬಿದ್ದವು. ಒಳಗೆ ಸುಂಕವಿಲ್ಲದ, ಹೊರಗಿನವರಿಗೆಲ್ಲ ಒಂದೇ ಸುಂಕ ಹಾಕುವ ಸುಂಕ ಒಕ್ಕೂಟದಲ್ಲಿ ಉಳಿಯುವ ಆಯ್ಕೆ ಸೋತದ್ದು ಮೂರೇ ಮತಗಳಿಂದ, 273-276. ಮೂರ್ಖರ ದಿನದ ಆ ದಿನಾಂಕವನ್ನು ನಾವು ಆರಿಸಿದ್ದಲ್ಲ.

ಅದೇ ವಸಂತದಲ್ಲಿ ನೋಟಿಸನ್ನೇ ಹಿಂಪಡೆಯಿರಿ ಎಂಬ ಅರ್ಜಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಅದೇ ಮೇ ತಿಂಗಳ ಐರೋಪ್ಯ ಸಂಸತ್ ಚುನಾವಣೆಯಲ್ಲಿ, ತಕ್ಷಣ ಹೊರಡಿ ಎನ್ನಲೆಂದೇ ಹುಟ್ಟಿದ್ದ ಬ್ರೆಕ್ಸಿಟ್ ಪಕ್ಷ 29 ಸ್ಥಾನ ಗೆದ್ದಿತು, ಆಳುವ ಕನ್ಸರ್ವೇಟಿವ್ ಪಕ್ಷಕ್ಕೆ ಸಿಕ್ಕಿದ್ದು 4. ಬಿಟ್ಟೆವು ಎಂದ ಮನೆಯ ಪಂಚಾಯ್ತಿಗೆ ಮತ್ತೆ ಸದಸ್ಯರನ್ನು ಆರಿಸಿ ಕಳಿಸಬೇಕಾದ ಚುನಾವಣೆ ಅದು. ಮೇ ಅವರ ನಂತರ ಪ್ರಧಾನಿಯಾದ ಜಾನ್ಸನ್ 2019ರ ಡಿಸೆಂಬರ್‌ನಲ್ಲಿ 80ರ ಬಹುಮತ ಪಡೆದದ್ದರಲ್ಲಿ ಆ ಬೇಸರದ ಪಾಲು ದೊಡ್ಡದು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಿತ್ತು. ಹಳೆಯ ನಿಯಮಗಳೇ ನಡೆಯುವ ಮಧ್ಯಂತರ ಅವಧಿ ಆ ವರ್ಷದ ಕೊನೆಯ ದಿನ ಮುಗಿಯಿತು.

ಪ್ರಶ್ನೆ: ಸಂಸತ್ತೇ ಸಾರ್ವಭೌಮ ಎನ್ನುವ ದೇಶದಲ್ಲಿ ಜನಮತಗಣನೆಯನ್ನು ಸಂಸತ್ತು ಪಕ್ಕಕ್ಕಿಡಲು ಆಗುತ್ತಿರಲಿಲ್ಲವೆ?
ರಾಜ್ಯಶಾಸ್ತ್ರ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಕಾನೂನಿನ ಪ್ರಕಾರ ಆಗುತ್ತಿತ್ತು. ಮತಪದ್ಧತಿ ಬದಲಿಸುವ ಬಗ್ಗೆ 2011ರಲ್ಲಿ ನಡೆದ ಜನಮತಗಣನೆಯ ಕಾಯ್ದೆಯಲ್ಲಿ ಫಲಿತಾಂಶವನ್ನು ಜಾರಿ ಮಾಡಲೇಬೇಕೆಂಬ ಕಲಮು ಇತ್ತು. 2016ರದಕ್ಕೆ ಮಾಡಿದ ಕಾಯ್ದೆಯಲ್ಲಿ ಅದು ಇರಲಿಲ್ಲ. ಹಾಗಾಗಿಯೇ 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8-3ರ ತೀರ್ಪಿನಲ್ಲಿ, ಸಂಸತ್ತು ಕಾಯ್ದೆ ಮಾಡದೆ ಸರ್ಕಾರ ನೋಟಿಸು ಕೊಡುವಂತಿಲ್ಲ ಎಂದಿತು. 2019ರ ಸೆಪ್ಟೆಂಬರ್‌ನಲ್ಲಿ, ಜಾನ್ಸನ್ ಸಂಸತ್ತಿಗೆ ಐದು ವಾರ ಬೀಗ ಹಾಕಿಸಿದ್ದು ಕಾನೂನುಬಾಹಿರ ಎಂದು ಹನ್ನೊಂದೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆದರೆ ರಾಜಕೀಯವಾಗಿ ಫಲಿತಾಂಶವನ್ನು ಪಕ್ಕಕ್ಕಿಡುವ ಧೈರ್ಯ ದೊಡ್ಡ ಪಕ್ಷಗಳಿಗೆ ಇರಲಿಲ್ಲ, ಏಕೆಂದರೆ ಜನ ಹೇಳಿದಂತೆ ಮಾಡುತ್ತೇವೆ ಎಂದು ಮತದಾನಕ್ಕೆ ಮೊದಲೇ ಸರ್ಕಾರ ಮನೆಮನೆಗೆ ಕರಪತ್ರ ಹಂಚಿತ್ತು.

ಪ್ರಶ್ನೆ: ಐರ್ಲೆಂಡಿನ ಗಡಿ ಒಂದಕ್ಕೇ ಇಷ್ಟು ವರ್ಷ ಗುದ್ದಾಡಿದ್ದೇಕೆ? ಎರಡು ದೇಶ ಅಂದಮೇಲೆ ನಡುವೆ ಗಡಿ ಇರೋದೇ ಅಲ್ವಾ?
ಲಾರಿ ಮಾಲೀಕರು, ಸಿಂಧನೂರು

ಉತ್ತರ: ಲಾರಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಜಿಎಸ್‌ಟಿಗೆ ಮೊದಲು ರಾಜ್ಯದ ಗಡಿ ದಾಟುವಾಗ ಚೆಕ್‌ಪೋಸ್ಟಿನಲ್ಲಿ ಬಿಲ್ಲು ಹಿಡಿದು ಸಾಲು ನಿಲ್ಲುತ್ತಿದ್ದದ್ದು ನೆನಪಿದೆಯಲ್ಲ? ಎರಡೂ ಕಡೆ ತೆರಿಗೆ ಬೇರೆ ಬೇರೆ ಇದ್ದಾಗ ನಡುವೆ ಯಾರಾದರೂ ನಿಂತು ನೋಡಲೇಬೇಕು. 2017ರ ಜುಲೈನಲ್ಲಿ ತೆರಿಗೆ ಒಂದಾದ ಮೇಲೆ ಆ ಚೆಕ್‌ಪೋಸ್ಟುಗಳು ಹೋದವು. ಈಗ ಶಕ್ತಿನಗರದ ಕೃಷ್ಣಾ ಸೇತುವೆ ಮೇಲೆ ಮತ್ತೆ ಹಳೆಯ ಕಂಬ ನೆಡುತ್ತೇವೆ ಎಂದರೆ ಹೇಗೋ, ಐರ್ಲೆಂಡಿನಲ್ಲಿ ಆದದ್ದು ಹಾಗೆ. ಅಲ್ಲಿ ಅದರ ಜೊತೆ ರಕ್ತದ ಇತಿಹಾಸವೂ ಇದೆ.

ಐರ್ಲೆಂಡ್ ದ್ವೀಪದ ಉತ್ತರದ ತುಂಡು ಬ್ರಿಟನ್ನಿನದು, ಉಳಿದದ್ದು ಒಕ್ಕೂಟದಲ್ಲೇ ಇರುವ ಐರ್ಲೆಂಡ್ ದೇಶ. ನಡುವೆ ಸುಮಾರು 500 ಕಿಲೋಮೀಟರ್ ಗಡಿ, ದಾಟುವ ರಸ್ತೆಗಳು ಇನ್ನೂರಕ್ಕೂ ಹೆಚ್ಚು. ಮೂರು ದಶಕದ ಹಿಂಸೆಗೆ ಕೊನೆ ಹಾಡಿದ 1998ರ ಏಪ್ರಿಲ್ 10ರ ಶಾಂತಿ ಒಪ್ಪಂದದ ನಂತರ ಅಲ್ಲಿನ ಸೇನಾ ಗೋಪುರಗಳು ಇಳಿದವು. ಅಲ್ಲಿ ಮತ್ತೆ ಗೇಟು ಹಾಕುವುದು ಯಾರಿಗೂ ಬೇಕಿರಲಿಲ್ಲ. ಗೇಟು ಬೇಡ ಎಂದರೆ ಎರಡೂ ಕಡೆ ಒಂದೇ ನಿಯಮ ಇರಬೇಕು, ಬ್ರಿಟನ್ ಹೊರಟದ್ದು ಬೇರೆ ನಿಯಮ ಬೇಕೆಂದು. ಮೇ ಅವರ ಪರಿಹಾರದಲ್ಲಿ ಬೇರೆ ವ್ಯವಸ್ಥೆ ಸಿಗುವವರೆಗೆ ಇಡೀ ಬ್ರಿಟನ್ನೇ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲಿ ಉಳಿಯಬೇಕಿತ್ತು. ಅವರದೇ ಪಕ್ಷ ಅದನ್ನು ಉರುಳಿಸಿತು. ಜಾನ್ಸನ್ ಗಡಿಯನ್ನು ಸಮುದ್ರಕ್ಕೆ ಸರಿಸಿದರು: ಉತ್ತರ ಐರ್ಲೆಂಡ್ ಮಾತ್ರ ಸರಕಿನ ಮಟ್ಟಿಗೆ ಒಕ್ಕೂಟದ ನಿಯಮದಲ್ಲಿ, ತಪಾಸಣೆ ಬ್ರಿಟನ್ನಿನ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಬಂದರಿನಲ್ಲಿ. ಇದನ್ನು ವಿರೋಧಿಸಿ ಡಿಯುಪಿ 2022ರ ಫೆಬ್ರವರಿಯಿಂದ ಎರಡು ವರ್ಷ ಅಲ್ಲಿನ ಸರ್ಕಾರವನ್ನೇ ನಡೆಯಗೊಡಲಿಲ್ಲ. 2023ರ ವಿಂಡ್ಸರ್ ಒಪ್ಪಂದ ಬಂದರಿನಲ್ಲಿ ಎರಡು ಸಾಲು ಮಾಡಿತು, ಉತ್ತರ ಐರ್ಲೆಂಡಿನಲ್ಲೇ ಮಾರಾಟವಾಗುವ ಸರಕಿಗೆ ಹಸಿರು ಸಾಲು, ಅಲ್ಲಿಂದ ಒಕ್ಕೂಟಕ್ಕೆ ದಾಟಬಹುದಾದ್ದಕ್ಕೆ ಪೂರ್ತಿ ಕಾಗದಪತ್ರದ ಕೆಂಪು ಸಾಲು. ನಮ್ಮ ದೃಷ್ಟಿಯಲ್ಲಿ ಈ ಏಳು ವರ್ಷದ ಅತ್ಯಂತ ಕೆಲಸಕ್ಕೆ ಬಂದ ಕಾಗದ ಇದೇ. 2016ರ ಪ್ರಚಾರದಲ್ಲಿ ಬಸ್ಸಿನ ಮೇಲೆ ಬರೆದ ವಾರಕ್ಕೆ 35 ಕೋಟಿ ಪೌಂಡಿನ ಲೆಕ್ಕ ಎಲ್ಲರಿಗೂ ಬಾಯಿಪಾಠವಿತ್ತು. ಈ ಗಡಿಯ ಮಾತು ಮಾತ್ರ ಇಂಗ್ಲೆಂಡಿನ ಮತದಾರರ ಕಿವಿಗೆ ಬಿದ್ದದ್ದು ಕಡಿಮೆ.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಯೂನಿಟ್. ಲಂಡನ್ನಿನ ವ್ಯಾಪಾರಿ ನಮ್ಮ ಮಾಲಿನಲ್ಲಿ ಒಂದಷ್ಟನ್ನು ಐರ್ಲೆಂಡ್ ದೇಶದ ಡಬ್ಲಿನ್‌ಗೆ ಕಳಿಸುತ್ತಾರೆ. ಎರಡು ಸಲ ಸುಂಕ ಬೀಳ್ತದೆ ಅಂತ ರೇಟು ಕಡಿಮೆ ಮಾಡಿಸ್ತಾರೆ. ಬ್ರಿಟನ್, ಒಕ್ಕೂಟದ ನಡುವೆ ಸುಂಕ ಇಲ್ಲ ಅಂತ ಓದಿದ್ದೆ. ಯಾವುದು ನಿಜ?
ಓದುಗರು, ಬಳ್ಳಾರಿ

ಉತ್ತರ: ಎರಡೂ ನಿಜ. 2020ರ ಡಿಸೆಂಬರ್ 24ರ ಒಪ್ಪಂದದಲ್ಲಿ ಸುಂಕ ಮನ್ನಾ ಇರುವುದು ಬ್ರಿಟನ್ನಿನಲ್ಲಿ ಅಥವಾ ಒಕ್ಕೂಟದಲ್ಲಿ ತಯಾರಾದ ಮಾಲಿಗೆ ಮಾತ್ರ. ಬಳ್ಳಾರಿಯ ಪ್ಯಾಂಟು ಬ್ರಿಟನ್ನಿನಲ್ಲಿ ಸುಂಕ ಕಟ್ಟಿ ಗೋದಾಮು ಸೇರಿದರೂ ಅದರ ಮೂಲ ಭಾರತವೇ. ಅಲ್ಲಿ ಇಸ್ತ್ರಿ ಹೊಡೆದು, ಹೊಸ ಲೇಬಲ್ ಹಚ್ಚಿ, ಪ್ಯಾಕ್ ಮಾಡಿದರೂ ಮೂಲ ಬದಲಾಗುವುದಿಲ್ಲ. ಇಂಥ ಸಣ್ಣ ಕೆಲಸಗಳನ್ನು ಒಪ್ಪಂದವೇ ಹೆಸರಿಸಿ ಹೊರಗಿಟ್ಟಿದೆ.

ಲೆಕ್ಕ ನೋಡಿ. ಸಾಮಾನ್ಯ ದರ 12% ಎಂದು ಹಿಡಿಯೋಣ. 10,000 ಪೌಂಡಿನ ಮಾಲಿಗೆ ಬ್ರಿಟನ್ನಿನಲ್ಲಿ 1,200. ವ್ಯಾಪಾರಿ ಲಾಭ ಸೇರಿಸಿ ಅದನ್ನೇ 14,000ಕ್ಕೆ ಡಬ್ಲಿನ್‌ಗೆ ಮಾರಿದರೆ ಅಲ್ಲಿ ಮತ್ತೆ 1,680. ಒಟ್ಟು 2,880. ಬಳ್ಳಾರಿಯಿಂದ ನೇರ ಡಬ್ಲಿನ್‌ಗೆ ಹೋಗಿದ್ದರೆ ಒಂದೇ ಸುಂಕ, ಅದೂ ನಿಮ್ಮ ಕಡಿಮೆ ಬೆಲೆಯ ಮೇಲೆ.

ದಾರಿ ಎರಡಿವೆ. ಮೊದಲನೆಯದು, ಆರ್ಡರ್ ಹಿಡಿಯುವಾಗಲೇ ಎಷ್ಟು ಪೀಸು ಎಲ್ಲಿಗೆ ಎಂದು ಬರೆಸಿಕೊಂಡು ಬಳ್ಳಾರಿಯಲ್ಲೇ ಮಾಲು ಬೇರೆ ಮಾಡುವುದು. ಕಾರ್ಟನ್, ಪ್ಯಾಕಿಂಗ್ ಲಿಸ್ಟ್, ಇನ್‌ವಾಯ್ಸ್ ಮೂರೂ ಬೇರೆ ಇರಲಿ. ಗಂಡಸರ ಹತ್ತಿ ಪ್ಯಾಂಟಿನ ಸಂಕೇತ 6203 42, ಹೆಂಗಸರದು 6204 62. ಒಂದೇ ಕಾರ್ಟನ್ನಿನಲ್ಲಿ ಎರಡನ್ನೂ ತುರುಕಿ ಒಂದೇ ಸಂಕೇತ ಬರೆದರೆ ಬಂದರಿನಲ್ಲಿ ಪೆಟ್ಟಿಗೆ ಬಿಚ್ಚುತ್ತಾರೆ, ಬಿಚ್ಚಿ ಎಣಿಸುವ ಖರ್ಚೂ ಮಾಲಿನವರದೇ. ಆರ್ಡರ್ ಸಣ್ಣದಾಗಿ ಬೇರೆ ಕಳಿಸುವುದು ಗಿಟ್ಟದಿದ್ದರೆ ಎರಡನೆಯ ದಾರಿ: ಬ್ರಿಟನ್ನಿನಲ್ಲಿ ಮಾಲನ್ನು ಬಾಂಡೆಡ್ ಗೋದಾಮಿನಲ್ಲಿ ಇಡಿಸಿ. ಅಲ್ಲಿರುವಷ್ಟು ದಿನ ಸುಂಕ ಬೀಳದು. ಸುಂಕ ಕಟ್ಟದ ಮಾಲನ್ನು ಗಡಿ ದಾಟಿಸುವ ಟಿ-1 ಸಾಗಣೆ ಪತ್ರದ ಮೇಲೆ ಡಬ್ಲಿನ್‌ಗೆ ಹೋದರೆ ಅಲ್ಲಿಯ ಸುಂಕ ಮಾತ್ರ. ಎಡವುವುದು ಇಲ್ಲೇ: ವ್ಯಾಪಾರಿಯ ಏಜೆಂಟ್ ಅವಸರಕ್ಕೆ ಇಡೀ ಕಂಟೇನರನ್ನು ಬ್ರಿಟನ್ ಮಾರಾಟಕ್ಕೆಂದು ಬಿಡಿಸಿಬಿಡುತ್ತಾನೆ. ಬಿಡಿಸಿದ ಮೇಲೆ ಟಿ-1 ದಾರಿ ಮುಚ್ಚಿತು.

2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ಒಪ್ಪಂದದಲ್ಲಿ ಸಿದ್ಧ ಉಡುಪಿಗೆ ಸುಂಕ ಮನ್ನಾ ಇದೆ. ಜಾರಿಯಾದ ಮೇಲೆ ಮೂಲದ ದಾಖಲೆ ಇದ್ದರೆ ಆ 1,200 ಉಳಿಯುತ್ತದೆ, ಡಬ್ಲಿನ್ನಿನ 1,680 ಉಳಿಯದು. ರೇಟು ಮಾತಾಡುವಾಗ ಈ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ಕೇಳಿ.

ಪ್ರಶ್ನೆ: ಸೋನಾ ಮಸೂರಿ ಕಳಿಸುವವರು ಬ್ರಿಟನ್ನಿಗೆ ಒಂದು ಟೆಸ್ಟು, ಒಕ್ಕೂಟಕ್ಕೆ ಒಂದು ಟೆಸ್ಟು ಅಂತಾರೆ. ಎರಡೆರಡು ಬೇಕಾ?
ಅಕ್ಕಿ ಗಿರಣಿಯವರು, ಗಂಗಾವತಿ

ಉತ್ತರ: ಕಟ್ಟುನಿಟ್ಟಾದ ಮಿತಿಗೆ ಒಂದೇ ಸಲ ಮಾಡಿಸಿ. ಹೊರಬಂದ ಮೇಲೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಕೀಟನಾಶಕ ಉಳಿಕೆಯ ಮಿತಿಯನ್ನು ಬ್ರಿಟನ್ನೇ ಗೊತ್ತುಮಾಡುತ್ತದೆ, ಉತ್ತರ ಐರ್ಲೆಂಡಿಗೆ ಒಕ್ಕೂಟದ ಮಿತಿ. ಹಾಗಾಗಿ ಒಂದೇ ದೇಶಕ್ಕೆ ಎರಡು ಪುಸ್ತಕ. ಬೆಂಕಿ ರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲನ್ನೇ ತೆಗೆದುಕೊಳ್ಳಿ. ಒಕ್ಕೂಟ ಇದರ ಮಿತಿಯನ್ನು 2018ರ ಹೊತ್ತಿಗೆ ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು. 25 ಕಿಲೋ ಚೀಲಕ್ಕೆ ಕಾಲು ಮಿಲಿಗ್ರಾಂ! ಲೀಟರಿಗೆ 0.6 ಗ್ರಾಂನಂತೆ 16 ಲೀಟರಿನ ಒಂದು ಟ್ಯಾಂಕಿಗೆ ಹಾಕುವ 75% ಪುಡಿಯಲ್ಲಿ ಇರುವ ಔಷಧಿ 7 ಗ್ರಾಂ ಚಿಲ್ಲರೆ. ಲೆಕ್ಕಕ್ಕೆ ಅದು 720 ಟನ್ ಅಕ್ಕಿಯನ್ನು ಮಿತಿಗೆ ಮುಟ್ಟಿಸಲು ಸಾಕು. ಗದ್ದೆಯಲ್ಲಿ ಬಹುಪಾಲು ಕರಗಿ ಹೋಗುತ್ತದೆ ನಿಜ, ಆದರೆ ತೆನೆ ಬಂದ ಮೇಲೆ ಹೊಡೆದದ್ದು ಕಾಳಿನಲ್ಲಿ ಉಳಿಯುವ ಸಂಭವ ಹೆಚ್ಚು. ಇಂಥ ಒಬ್ಬ ರೈತನ ಭತ್ತ ಹಾಪರಿಗೆ ಬಿದ್ದರೆ ಇಡೀ ಲಾಟು ಕೆಡುತ್ತದೆ. ರಫ್ತಿನ ಭತ್ತವನ್ನು ಕಣದಲ್ಲೇ ಬೇರೆ ಇಡಿ, ಏನು ಯಾವಾಗ ಹೊಡೆದರೆಂದು ರೈತರಿಂದ ಬರೆಸಿಕೊಳ್ಳಿ, ಪಾಲಿಶ್ ಆದ ಅಕ್ಕಿಯನ್ನು ಲಾಟುವಾರು ಪರೀಕ್ಷಿಸಿ. ಮಿತಿಗಳು ಬದಲಾಗುತ್ತಿರುತ್ತವೆ, ಸಾಗಿಸುವ ವಾರ ಕೊಳ್ಳುವವರಿಂದ ಆ ದಿನದ ಮಿತಿಯನ್ನು ಬರಹದಲ್ಲಿ ಪಡೆಯಿರಿ.

ಎರಡು ಪುಸ್ತಕ ಕಾಯುವುದು ಸಾಕಾಗಿ, 2025ರ ಮೇ 19ರ ಶೃಂಗಸಭೆಯಲ್ಲಿ ಆಹಾರ ನಿಯಮಗಳನ್ನು ಮತ್ತೆ ಒಕ್ಕೂಟದ ಜೊತೆ ಹೊಂದಿಸಲು ಬ್ರಿಟನ್ ತಾನೇ ಒಪ್ಪಿದೆ. ಒಕ್ಕೂಟದಿಂದ ಬರುವ ಆಹಾರದ ತಪಾಸಣೆಯನ್ನು ಅದು ಐದು ಸಲ ಮುಂದೂಡಿ 2024ರಲ್ಲಷ್ಟೇ ಶುರುಮಾಡಿತ್ತು.

ಪ್ರಶ್ನೆ: ಮಗ ಮ್ಯಾಂಚೆಸ್ಟರಿನಲ್ಲಿ ಓದುತ್ತಾನೆ. ಬ್ರೆಕ್ಸಿಟ್‌ನಿಂದಾಗಿ ಅವನ ವೀಸಾದಲ್ಲಿ ಪ್ಯಾರಿಸ್‌ಗೆ ಹೋಗಲು ಆಗದಂತೆ, ಹೌದೆ?
ತಾಯಿ, ಕುಷ್ಟಗಿ

ಉತ್ತರ: ಆಗದು, ಆದರೆ ಬ್ರೆಕ್ಸಿಟ್‌ನಿಂದಲ್ಲ. ಒಂದೇ ವೀಸಾದಲ್ಲಿ ಹಲವು ಐರೋಪ್ಯ ದೇಶ ಸುತ್ತಬಹುದಾದ ಷೆಂಗೆನ್ ವ್ಯವಸ್ಥೆಯಲ್ಲಿ ಬ್ರಿಟನ್ ಎಂದೂ ಇರಲಿಲ್ಲ, ಭಾರತೀಯ ವಿದ್ಯಾರ್ಥಿಗಳಿಗೆ ಮೊದಲೂ ಬೇರೆ ವೀಸಾ ಬೇಕಿತ್ತು. ಅಲ್ಲಿಂದಲೇ ಫ್ರಾನ್ಸಿನ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಲಿ. ಶುಲ್ಕ 90 ಯೂರೊ, 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಹಿಂತಿರುಗುವ ದಿನದ ನಂತರವೂ ಪಾಸ್‌ಪೋರ್ಟಿಗೆ ಮೂರು ತಿಂಗಳು ಅವಧಿ ಇರಬೇಕು.

ಪ್ರಶ್ನೆ: ಈಗ ಪಶ್ಚಾತ್ತಾಪ ಪಡುತ್ತಿದ್ದಾರಂತೆ. ವಾಪಸ್ ಸೇರಬಹುದಲ್ಲ?
ಓದುಗರು, ಮಾನ್ವಿ

ಉತ್ತರ: ಬಿಟ್ಟದ್ದು ತಪ್ಪು ಎನ್ನುವವರೇ ಹೆಚ್ಚೆಂದು ಅಲ್ಲಿನ ಸಮೀಕ್ಷೆಗಳು ಕೆಲ ವರ್ಷಗಳಿಂದ ಹೇಳುತ್ತಿವೆ. ಸೇರಲು 49ನೇ ವಿಧಿಯಂತೆ ಹೊಸಬರ ಹಾಗೆ ಅರ್ಜಿ ಹಾಕಬೇಕು, ಪ್ರತಿ ಸದಸ್ಯ ದೇಶವೂ ಒಪ್ಪಬೇಕು. 1984ರಲ್ಲಿ ಥ್ಯಾಚರ್ ಹಟ ಹಿಡಿದು ಪಡೆದ ವಂತಿಗೆಯ ರಿಯಾಯಿತಿ ಹೋಯಿತು, ಅದು ಮತ್ತೆ ಸಿಗುವ ಭರವಸೆ ಯಾರೂ ಕೊಡಲಾರರು. 2024ರಲ್ಲಿ ಬಂದ ಲೇಬರ್ ಸರ್ಕಾರವೂ ಒಂದೇ ಮಾರುಕಟ್ಟೆ, ಸುಂಕ ಒಕ್ಕೂಟ ಎರಡಕ್ಕೂ ಮರಳುವುದಿಲ್ಲ ಎಂದೇ ಗೆದ್ದು ಬಂದದ್ದು. ಹಾಗಾಗಿ ಚೂರು ಚೂರೇ ಚೌಕಾಸಿ ನಡೆದಿದೆ. ಮೇಲೆ ಹೇಳಿದ ಮೇ 19ರ ಸಭೆಯಲ್ಲೇ, ಒಕ್ಕೂಟದ ದೋಣಿಗಳಿಗೆ ಬ್ರಿಟನ್ನಿನ ನೀರಿನಲ್ಲಿ ಮೀನು ಹಿಡಿಯುವ ಅವಕಾಶ 2038ರವರೆಗೆ ಮುಂದುವರಿಯಿತು. ನಮ್ಮ ನೀರು ನಮಗೆ ಎಂದು 2016ರಲ್ಲಿ ಥೇಮ್ಸ್ ನದಿಗೆ ದೋಣಿಗಳ ಸಾಲು ಇಳಿಸಿದ್ದ ಮೀನುಗಾರರು ಅಲ್ಲಿಯವರೆಗೆ ಕಾಯಬೇಕು.