ಕಾಲೇಜು ತಂಡಗಳಿಗೆ ಐಸಿಪಿಸಿ (ಅಂತರರಾಷ್ಟ್ರೀಯ ಕಾಲೇಜು ಪ್ರೋಗ್ರಾಮಿಂಗ್ ಸ್ಪರ್ಧೆ) ಮಾದರಿಯ ಅಭ್ಯಾಸ ಸ್ಪರ್ಧೆ ನಡೆಸುವುದು ಹೇಗೆ?

ಹೊಸ ಪ್ರಶ್ನೆಗಳನ್ನು ಬರೆಯಲು ಹೋಗಬೇಡಿ; ಕೋಡ್ ಸರಿಯಿದೆಯೇ ಎಂದು ನೋಡಲು ಬೇಕಾದ ಪರೀಕ್ಷಾ ದತ್ತಾಂಶ ಸಿದ್ಧಪಡಿಸುವುದರಲ್ಲೇ ಸುಸ್ತಾಗುತ್ತೀರಿ. ಪ್ರೋಗ್ರಾಮಿಂಗ್ ಸ್ಪರ್ಧೆಗಳ ಜಾಲತಾಣ ಕೋಡ್‌ಫೋರ್ಸಸ್‌ನಲ್ಲಿ ‘ಮ್ಯಾಷಪ್’ ಸೌಲಭ್ಯವಿದೆ: ಅಲ್ಲಿನ ಹಳೆಯ ಪ್ರಶ್ನೆಗಳನ್ನು ಆರಿಸಿ ಜೋಡಿಸಿದರೆ ಸ್ಪರ್ಧೆ ಸಿದ್ಧ, ಮೌಲ್ಯಮಾಪನವೂ ಅದರದೇ. ಒಂದೆರಡು ತೀರಾ ಸುಲಭದವು ಇರಲಿ, ಹೊಸ ತಂಡಗಳು ಸೊನ್ನೆ ಸುತ್ತಿ ಮನೆಗೆ ಹೋಗಬಾರದು. ಲ್ಯಾಬಿನ ಇಂಟರ್ನೆಟ್ಟನ್ನು ನೆಚ್ಚಿಕೊಳ್ಳಲಾಗದಿದ್ದರೆ ಉಚಿತವಾಗಿ ಸಿಗುವ, ಸಲ್ಲಿಕೆಗಳ ಮೌಲ್ಯಮಾಪನ ಮಾಡುವ ಡಾಮ್‌ಜಡ್ಜ್ ತಂತ್ರಾಂಶವನ್ನು ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಿ. ಆಗ ಪ್ರಶ್ನೆ, ದತ್ತಾಂಶ ಎರಡನ್ನೂ ನೀವೇ ಹೊಂದಿಸಬೇಕು.

ನಿಯಮದಲ್ಲಿ ಮಾತ್ರ ರಿಯಾಯಿತಿ ಬೇಡ. ಮೂವರಿಗೆ ಒಂದೇ ಕಂಪ್ಯೂಟರ್, 5 ಗಂಟೆ. ನಿಜವಾದ ಅಭ್ಯಾಸ ಇದೇ: ಒಬ್ಬರು ಕೀಲಿಮಣೆಯ ಮುಂದೆ ಕುಳಿತಾಗ ಇನ್ನೊಬ್ಬರು ತಿರಸ್ಕೃತವಾದ ಕೋಡಿನ ಮುದ್ರಿತ ಪ್ರತಿಯಲ್ಲಿ ಪೆನ್ನು ಹಿಡಿದು ತಪ್ಪು ಹುಡುಕಬೇಕು. ಹಾಗಾಗಿ ಪ್ರಿಂಟರ್ ಕಡ್ಡಾಯ. ಬಿಡಿಸಿದ ಪ್ರಶ್ನೆಯಲ್ಲಿ ಮೊದಲು ಆದ ಪ್ರತಿ ತಪ್ಪು ಸಲ್ಲಿಕೆಗೆ ತಂಡದ ಒಟ್ಟು ಸಮಯಕ್ಕೆ 20 ನಿಮಿಷ ದಂಡ ಸೇರಿಸಿ. ಕೊನೆಯ ಗಂಟೆಯಲ್ಲಿ ತಂಡಗಳಿಗೆ ಕಾಣುವ ಅಂಕಪಟ್ಟಿಯನ್ನು ಬದಲಾಗದಂತೆ ಸ್ಥಗಿತಗೊಳಿಸಿ. ಪರಿಹಾರಗಳ ಚರ್ಚೆಯನ್ನು ಅಂದೇ ಮುಗಿಸಿ.