ಊರಿನ ಜನರಿಗೆ ತಿಳುವಳಿಕೆ ಇಲ್ಲದಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಯೋಜನೆಯಿಂದ ಏನು ಪ್ರಯೋಜನ?

ಹೀಗಂತ ಕೇಳಿ ಬರೆದಿದ್ದೀರಿ. ನಿಮ್ಮ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ. ಊರಲ್ಲಿ ಯಾರಿಗೂ ಗೊತ್ತಾಗದ ಹಾಗೆ ಬೆಂಗಳೂರಲ್ಲೇ ತೋರಿಸಬೇಕು ಅಂತಿದ್ದೀರಿ. ನಾವೂ ಅದನ್ನೇ ಮಾಡಿದೆವು.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಅಣ್ಣ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಯಾರೂ ಇಲ್ಲದಾಗಲೂ ಯಾರೋ ಬೈಯುವುದು ಕೇಳಿಸುತ್ತದೆ ಅನ್ನತೊಡಗಿದ. ಹಾಲು ಹಾಕಲು ಬಂದವರೆಲ್ಲ ತನ್ನ ವಿಷಯವೇ ಮಾತಾಡುತ್ತಾರೆ ಅಂತ ಜಗಳಕ್ಕೆ ನಿಂತ. ನಿದ್ದೆ ಹೋಯಿತು. ಮೊದಲು ದೇವರು, ತಾಯತ, ತಡೆ ಒಡೆಸುವುದು ಎಲ್ಲಾ ಆಯಿತು. ಆಮೇಲೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಊರಿನವರಿಗೆ ಹೊಟ್ಟೆನೋವು ಅಂತ ಹೇಳಿದೆವು.

ಮಾತ್ರೆ ಚೆನ್ನಾಗಿ ಹಿಡಿಯಿತು. ಅಣ್ಣ ಮತ್ತೆ ಡೇರಿಗೆ ಹೋದ. ಎಡವಟ್ಟಾಗಿದ್ದು ಇಲ್ಲಿಂದಲೇ. ಮುಚ್ಚಿಡಬೇಕು ಅಂತ ತೀರ್ಮಾನಿಸಿದ ಮೇಲೆ ಹತ್ತಿರದ ಯಾವ ದಾರಿಯೂ ನಮ್ಮದಾಗಿ ಉಳಿಯಲಿಲ್ಲ. ತಾಲೂಕು ಆಸ್ಪತ್ರೆಗೆ ಹೋದರೆ ಚೀಟಿ ಕೊಡುವವರು ಗುರುತಿನವರು. ಪೇಟೆಯ ಮೆಡಿಕಲ್‌ ಸ್ಟೋರ್‌ನಲ್ಲಿ ಚೀಟಿ ತೋರಿಸಲೂ ಹೆದರಿಕೆ. ಹಾಗಾಗಿ ಮಾತ್ರೆ ಮುಗಿದರೂ ಬೆಂಗಳೂರೇ. ಇಬ್ಬರ ಕೂಲಿ ಹೋಗುತ್ತಿತ್ತು, ಬಸ್ಸು, ಫೀಸು, ಔಷಧಿ ಬೇರೆ. ಹಸು ಮಾರಿದೆವು. ಅದೂ ಸಾಲದಾಗ ನಾನೇ ಮಾತ್ರೆಯನ್ನು ಅರ್ಧ ಮಾಡಿ ಕೊಡತೊಡಗಿದೆ. ಹುಷಾರಾಗಿದ್ದಾನಲ್ಲ, ಅರ್ಧ ಸಾಕು ಅನ್ನಿಸಿತ್ತು. ಡಾಕ್ಟರನ್ನು ಕೇಳಲಿಲ್ಲ, ಕೇಳಬೇಕಾದರೂ ಬೆಂಗಳೂರಿಗೇ ಹೋಗಬೇಕಿತ್ತು. ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಹಾಗಾಗಿ 'ನಿಮ್ಮ ಹುಡುಗ ಮತ್ತೆ ಒಬ್ಬನೇ ಮಾತಾಡುತ್ತಿದ್ದಾನೆ' ಅಂತ ಬಂದು ಹೇಳುವವರೂ ಇರಲಿಲ್ಲ. ಊರಿನ ಆಶಾ ಕಾರ್ಯಕರ್ತೆ, ನಾವು ಆಶಾ ಅಕ್ಕ ಅನ್ನುವವರ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಅವರಿಗೂ ಹೇಳಿರಲಿಲ್ಲ.

ಕಾಯಿಲೆ ಮೊದಲಿಗಿಂತ ಜೋರಾಗಿ ತಿರುಗಿ ಬಂತು. ಒಂದು ರಾತ್ರಿ ಮನೆ ಬಿಟ್ಟು ಹೋದ. ಈಗ ಊರಿಗೆ ಹೇಳಲೇಬೇಕಾಯಿತು. ನಾನು ಹೆದರಿದ್ದ ಅದೇ ಜನ ಬೈಕ್ ತೆಗೆದುಕೊಂಡು ಹುಡುಕಲು ಹೊರಟರು. ಹಾಲಿನ ವ್ಯಾನ್ ಡ್ರೈವರ್ ತನ್ನ ರೂಟಿನಲ್ಲೆಲ್ಲ ವಿಚಾರಿಸಿ, ಹೈವೇ ಪಕ್ಕ ಕೂತಿದ್ದವನನ್ನು ಕರೆತಂದರು. ಆಶಾ ಅಕ್ಕ ಬಂದವರೇ ಕೇಳಿದರು: 'ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರ್ತಾರಲ್ಲ, ಯಾಕೆ ತೋರಿಸಲಿಲ್ಲ?'

ಅದು ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ. ನೋಡುವುದೂ ಮಾತ್ರೆಯೂ ಪುಕ್ಕಟೆ. ಅಣ್ಣನಿಗೆ ಈಗ ಅಲ್ಲೇ ಚಿಕಿತ್ಸೆ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಮೊದಲು ಜನ ಬದಲಾಗಬೇಕು, ಆಮೇಲೆ ಯೋಜನೆ ಕೆಲಸ ಮಾಡುತ್ತದೆ ಅಂತೀರಿ. ನಾನು ಕಂಡಿದ್ದು ಉಲ್ಟಾ. ನಮ್ಮೂರಿನ ಮನಸ್ಸು ಬದಲಾಗಿದ್ದು ಗೋಡೆಗೆ ಅಂಟಿಸಿದ ಪೋಸ್ಟರ್‌ನಿಂದ ಅಲ್ಲ. ಅಣ್ಣ ಮತ್ತೆ ಡೇರಿಯಲ್ಲಿ ಕೂತು ತಪ್ಪಿಲ್ಲದೆ ಲೆಕ್ಕ ಬರೆದಿದ್ದನ್ನು ಅವರು ದಿನಾ ನೋಡಿದರು. ಆಮೇಲೆ ಇನ್ನೊಂದು ಮನೆಯವರು ತಮ್ಮ ಸೊಸೆಯನ್ನು ಕರೆದುಕೊಂಡು ಅದೇ ಮಂಗಳವಾರದ ಸಾಲಿಗೆ ಬಂದರು. ಔಷಧಿ ಕೈಗೆ ಸಿಗುವ ಹಾಗಿದ್ದರೆ ಜನರ ಬಾಯಿ ತಾನಾಗೇ ಬದಲಾಗುತ್ತದೆ.

ಇದು ಹೊಸ ವಿಚಾರವೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಊರ ಹತ್ತಿರವೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದಾರಿ ತೋರಿಸಿದ್ದು ನಮ್ಮ ರಾಜ್ಯ. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆಚ್ಚಿನ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇದನ್ನು ಬರೀ ಜನರ ಅಜ್ಞಾನ ಅಂದುಬಿಟ್ಟರೆ ಸರ್ಕಾರ ಸುಲಭವಾಗಿ ಕೈತೊಳೆದುಕೊಳ್ಳುತ್ತದೆ.

ಯೋಜನೆಯಲ್ಲಿ ಕೊರತೆ ಇಲ್ಲ ಅಂತಲ್ಲ. ಕೆಲವು ಸಲ ಮಾತ್ರೆ ಸ್ಟಾಕ್ ಇಲ್ಲ ಅಂದು ನಮ್ಮನ್ನೂ ವಾಪಸ್ ಕಳಿಸಿದ್ದಾರೆ. ಆಗ ಸುಮ್ನೆ ಎದ್ದು ಬರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಅಗತ್ಯ ಔಷಧಿ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಉಚಿತವಾಗಿ ಸಿಗಬೇಕು. ಅದು ನಿಮ್ಮ ಹಕ್ಕು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುವ ಹಾಗೆ ಇದನ್ನೂ ಕೇಳಿ. ನಾವು ಕೇಳಿದೆವು, ಡೇರಿಯವರೂ ಜೊತೆಗೆ ಎದ್ದು ನಿಂತರು. ಒಂದು ಮನೆಯವರು ಕೇಳಿದರೆ ಅರ್ಜಿ, ಹತ್ತು ಮನೆಯವರು ಕೇಳಿದರೆ ಪಂಚಾಯ್ತಿ ಉತ್ತರ ಕೊಡಲೇಬೇಕಾಗುತ್ತದೆ.

ಬೆಂಗಳೂರೋ ಊರೋ ಅಂತ ತೂಗುತ್ತಾ ಕೂರಬೇಡಿ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಮನೋವೈದ್ಯರು ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿ. ಅಲ್ಲಿಯವರೆಗೆ ಏನಾದರೂ ಅನುಮಾನ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಈಗ ಕೊಡುತ್ತಿರುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಕಡಿಮೆ ಮಾಡಬೇಡಿ. ಹಳೆಯ ಚೀಟಿಗಳನ್ನೆಲ್ಲ ಜೊತೆಗೆ ತೆಗೆದುಕೊಂಡು ಹೋಗಿ. ತುಂಬಾ ದಿನದಿಂದ ಕಾಯಿಲೆ ಇದ್ದರೆ ಅಂಗವಿಕಲತೆಯ ಪ್ರಮಾಣಪತ್ರದ ಬಗ್ಗೆಯೂ ಅಲ್ಲೇ ವಿಚಾರಿಸಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅದನ್ನು ಮಾಡಿಸಿದರೆ ಮದುವೆಗೆ ಅಡ್ಡ ಬರುತ್ತದೆ ಅಂತ ನಿಮ್ಮ ಮನೆಯಲ್ಲೂ ಹೇಳಬಹುದು. ನಮ್ಮಮ್ಮ ಹೇಳಿದ್ದರು. ಆದರೂ ನಾವು ಮಾಡಿಸಿದೆವು.