ಅಜ್ಜಿಯ ಉಂಗುರದ ಕೆಂಪು ಅಸಲಿಯೋ, ಕಾರ್ಖಾನೆಯದೋ?

ಹಳೇ ಒಡವೆಯ ಹರಳಿನ ಬಗ್ಗೆ ಈ ಸಲ ಬಂದಷ್ಟು ಪತ್ರ ಹಿಂದೆಂದೂ ಬಂದಿರಲಿಲ್ಲ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮಜ್ಜಿಯ ಮದುವೆ ಉಂಗುರ ನನ್ನ ಪಾಲಿಗೆ ಬಂದಿದೆ. ಮದುವೆ ಆಗಿದ್ದು 1938ರಲ್ಲಿ. ಅವರೆಕಾಳಿನಷ್ಟು ದೊಡ್ಡ ಕೆಂಪು ಕಲ್ಲು, ಒಳಗೆ ಒಂದು ಕಲೆಯೂ ಇಲ್ಲ. ಸೈಜ್ ಮಾಡಿಸೋಕೆ ಅಂಗಡಿಗೆ ಕೊಟ್ಟರೆ, ಕಣ್ಣಿಗೆ ಗಾಜು ಹಿಡಿದು ನೋಡಿ "ಇದು ಸಿಂಥೆಟಿಕ್ ಮೇಡಂ" ಅಂದರು. ಸೋದರಮಾವನಿಗೆ ಸಿಟ್ಟು ಬಂದಿದೆ. ಆ ಕಾಲದಲ್ಲಿ ಸಿಂಥೆಟಿಕ್ ಎಲ್ಲಿತ್ತು, ಇವರೇ ಕಲ್ಲು ಬದಲಾಯಿಸಿರಬೇಕು ಅಂತಾರೆ. ಮನೆಗೆ ತಂದು ಹಾಲಿನಲ್ಲಿ ಹಾಕಿ ನೋಡಿದೆವು, ಹಾಲು ಗುಲಾಬಿಯಾಯಿತು. ಹಾಗಾದರೆ ಅಸಲಿ ತಾನೇ?
– ಓದುಗರು, ಸಾಗರ

ಉತ್ತರ: ಮೊದಲು ಮಾವನವರನ್ನು ಸಮಾಧಾನ ಮಾಡಿ. 1938ರ ಹೊತ್ತಿಗೆ ಸಿಂಥೆಟಿಕ್ ಕೆಂಪು, ಅಂದರೆ ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ, ಹೊಸದೇನೂ ಅಲ್ಲ. ಫ್ರಾನ್ಸಿನ ಆಗಸ್ಟ್ ವೆರ್ನೋಯ್ ಅನ್ನುವ ರಸಾಯನಶಾಸ್ತ್ರಜ್ಞ 1902ರಲ್ಲೇ ಅದನ್ನು ಮಾಡುವ ವಿಧಾನ ಹೊರಗೆ ಹಾಕಿದ್ದ. ಅಲ್ಯೂಮಿನಾ ಪುಡಿಗೆ ಬಣ್ಣಕ್ಕೆ ಅಂತ ಒಂಚೂರು ಕ್ರೋಮಿಯಂ ಬೆರೆಸಿ, 2000 ಡಿಗ್ರಿಗೂ ಜಾಸ್ತಿ ಬಿಸಿಯ ಉರಿಯೊಳಗಿಂದ ಸಣ್ಣಗೆ ಉದುರಿಸುತ್ತಾ ಹೋದರೆ, ಕೆಳಗೆ ತಿರುಗುವ ಕಡ್ಡಿಯ ಮೇಲೆ ಕರಗಿದ ಹನಿ ಕೂತು ಕೂತು ಕ್ಯಾರೆಟ್ ಥರ ಒಂದು ಗಟ್ಟಿ ಬೆಳೆಯುತ್ತದೆ. ಭೂಮಿಯೊಳಗೆ ಲಕ್ಷಾಂತರ ವರ್ಷ ಹಿಡಿಯುವುದು ಇಲ್ಲಿ ಕೆಲವೇ ಗಂಟೆ. ಹತ್ತು ವರ್ಷದೊಳಗೆ ನೀಲವೂ ಹೀಗೇ ಬಂತು. ಹಾಗಾಗಿ "ಅಜ್ಜಿ ಕಾಲದ್ದು" ಅನ್ನುವುದು ಚಿನ್ನಕ್ಕೆ ಸಾಕ್ಷಿ ಆಗಬಹುದು, ಕಲ್ಲಿಗೆ ಆಗುವುದಿಲ್ಲ. ನಿಮ್ಮ ಕಲ್ಲು ಬದಲಾಗಿಲ್ಲ, 1938ರಲ್ಲೇ ಅದು ಹಾಗೇ ಇತ್ತು ಅನ್ನುವುದೇ ಜಾಸ್ತಿ ಸಾಧ್ಯ.

ಅಂಗಡಿಯವರ ಮೇಲೆ ಅನುಮಾನ ಇದ್ದರೆ ಕಲ್ಲನ್ನು ಬಿಡಿ, ಅದನ್ನು ಹಿಡಿದಿರುವ ಚಿನ್ನದ ಹಲ್ಲುಗಳನ್ನು ನೋಡಿ. ಉಂಗುರದ ಉಳಿದ ಭಾಗದಷ್ಟೇ ಅವೂ ಸವೆದಿದ್ದರೆ, ಸಂದಿಯಲ್ಲಿ ಹಳೇ ಸೋಪು-ಕೊಳೆ ಗಟ್ಟಿಯಾಗಿ ಕೂತಿದ್ದರೆ, ಯಾರೂ ಮುಟ್ಟಿಲ್ಲ ಅಂತ. ಹಲ್ಲಿನ ಮೇಲೆ ಹೊಸ ಇಕ್ಕಳದ ಗುರುತು, ಹೊಸ ಹೊಳಪು ಕಂಡರೆ ಮಾತ್ರ ಪ್ರಶ್ನೆ ಕೇಳಿ.

ಇನ್ನು ಹಾಲು. ಆ ಪರೀಕ್ಷೆ ನಮ್ಮ ಮನೆಯಲ್ಲೂ ಮಾಡಿದ್ದಾರೆ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ಅಲ್ಲಿ ಆಗುವುದು ಇಷ್ಟೇ: ಕೆಂಪು ಕಲ್ಲಿನೊಳಗಿಂದ ಬಂದ ಬೆಳಕು ಬಿಳಿ ಹಾಲಿನಲ್ಲಿ ಹರಡುತ್ತದೆ. ಕಾರ್ಖಾನೆಯ ಕೆಂಪಿನಿಂದಲೂ ಹರಡುತ್ತದೆ, ಕೆಂಪು ಗಾಜಿನಿಂದಲೂ ಹರಡುತ್ತದೆ. ಉಸಿರು ಬಿಟ್ಟು ನೋಡುವುದು, ಕಣ್ಣುರೆಪ್ಪೆಗೆ ತಾಗಿಸಿ ತಣ್ಣಗಿದೆಯಾ ಅಂತ ನೋಡುವುದು, ಗಾಜಿನ ಮೇಲೆ ಗೀರುವುದು, ಇವೆಲ್ಲ ಹೆಚ್ಚೆಂದರೆ "ಗಾಜಲ್ಲ" ಅಂತ ಹೇಳಬಹುದು. ಸಿಂಥೆಟಿಕ್ ಅಂದರೆ ಗಾಜು ಅಂದುಕೊಂಡವರು ಎಡವುವುದು ಇಲ್ಲೇ. ಅದು ನಿಜವಾದ ಕೆಂಪೇ. ಅದೇ ವಸ್ತು, ವಜ್ರಕ್ಕೆ 10 ಕೊಡುವ ಅಳತೆಯಲ್ಲಿ ಗಡಸುತನ ಅದೇ 9, ಅದೇ ತೂಕ. ನಿಮ್ಮ ಮನೆಯಲ್ಲಿ ಹಳೇ ಎಚ್‌ಎಂಟಿ ಜನತಾ ಗಡಿಯಾರ ಇದ್ದರೆ ಮುಖದ ಮೇಲೆ "17 ಜ್ಯುವೆಲ್ಸ್" ಅಂತ ಬರೆದಿರುತ್ತದೆ ನೋಡಿ. ಆ ಹದಿನೇಳೂ ಇದೇ ಜಾತಿಯ ಸಿಂಥೆಟಿಕ್ ಕಲ್ಲು. ಹುಟ್ಟಿದ ಜಾಗ ಒಂದೇ ಬೇರೆ, ಆ ಜಾಗದ ಗುರುತು ಕಲ್ಲಿನ ಒಳಗಿರುತ್ತದೆ.

ಅದನ್ನು ನೋಡೋಕೆ ಬೇಕಾಗಿದ್ದು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್. ನಾನು ಇದನ್ನು ಕಲಿತದ್ದು ನಮ್ಮಮ್ಮನ ನೀಲದ ಉಂಗುರದಿಂದ. ಒಂದು ಗಾಜಿನ ಲೋಟದಲ್ಲಿ ನೀರು, ಲೋಟದ ಕೆಳಗೆ ಟಿಶ್ಯೂ ಪೇಪರ್, ಅದರ ಕೆಳಗೆ ಮೊಬೈಲ್ ಟಾರ್ಚ್. ಉಂಗುರವನ್ನು ದಾರ ಕಟ್ಟಿ ಇಳಿಬಿಟ್ಟು ನಿಧಾನಕ್ಕೆ ತಿರುಗಿಸುತ್ತಾ ಹೋದೆ. ಮೇಲಿಂದ ನೋಡಿದಾಗ ಏನೂ ಇಲ್ಲ. ಪಕ್ಕಕ್ಕೆ ವಾಲಿಸಿದ ಕೂಡಲೇ ಒಳಗೆ ನೀಲಿ ಪಟ್ಟೆಗಳು ಕಂಡವು, ಮಕ್ಕಳು ಕೈವಾರದಲ್ಲಿ ಎಳೆದ ಹಾಗೆ ಎಲ್ಲವೂ ಒಂದೇ ಕಡೆ ಬಾಗಿದ್ದವು. ಅಲ್ಲಿಗೆ ಮುಗಿಯಿತು. ನೆಲದೊಳಗೆ ಬೆಳೆದ ಕಲ್ಲಿನಲ್ಲೂ ಪಟ್ಟೆ ಇರುತ್ತದೆ, ಆದರೆ ಅದು ನೇರವಾಗಿ ಹೋಗಿ ಜೇನುಗೂಡಿನ ಮೂಲೆಯ ಹಾಗೆ ಮುರಿದು ತಿರುಗುತ್ತದೆ, ಬಾಗುವುದಿಲ್ಲ. ಅಮ್ಮ ಪಕ್ಕದಲ್ಲೇ ಕೂತಿದ್ದರು. "ಹಾಗಾದ್ರೆ ನಿಮ್ಮಜ್ಜ ಮೋಸ ಹೋದ್ರಾ?" ಅಂದರು. ಮೋಸ ಹೋದರೋ, ಗೊತ್ತಿದ್ದೇ ತಂದರೋ, ಕೇಳೋಕೆ ಅಜ್ಜ ಇರಲಿಲ್ಲ.

ಕೆಂಪಿನಲ್ಲಿ ಈ ಗೆರೆ ಇನ್ನೂ ಸಣ್ಣ, ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ. ಸುಲಭಕ್ಕೆ ಕಾಣುವುದಿಲ್ಲ, ಹತ್ತು ನಿಮಿಷ ತಾಳ್ಮೆಯಿಂದ ತಿರುಗಿಸಬೇಕು. ಜೊತೆಗೆ ದುಂಡನೆಯ ಗಾಳಿಗುಳ್ಳೆ, ಕೆಲವೊಮ್ಮೆ ಬಾಲ ಇರುವ ಗೊದಮೊಟ್ಟೆ ಥರದ್ದು ಕಂಡರೆ ಕಾರ್ಖಾನೆಯದೇ. ಅಸಲಿಯಲ್ಲಿ ಏನಿರುತ್ತದೆ? ರೇಷ್ಮೆ ಎಳೆಯಂಥ ಸೂಜಿಗಳು, ಬೆರಳಚ್ಚಿನ ಥರದ ಮಸುಕು, ಬೇರೆ ಖನಿಜದ ಪುಟ್ಟ ಹರಳು. ಕೊಳೆ ಅನ್ನಿಸುವುದೇ ಅದರ ಜಾತಕ. ಅವರೆಕಾಳಿನಷ್ಟು ದೊಡ್ಡ, ಒಂದೂ ಕಲೆಯಿಲ್ಲದ ಅಸಲಿ ಕೆಂಪು ಅಂದರೆ ಅದರ ಬೆಲೆಗೆ ಒಂದು ಮನೆ ಬರುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನುಮಾನ ಬಂದಿದ್ದು ಆ "ಒಂದು ಕಲೆಯೂ ಇಲ್ಲ" ಅನ್ನುವ ಮಾತಿನ ಮೇಲೆ.

ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್ ಹಿಡಿದು ಕೆಂಡದಂತೆ ಹೊಳೆಯಿತು ಅಂತ ತೀರ್ಮಾನ ಮಾಡಬೇಡಿ. ಸಿಂಥೆಟಿಕ್ ಹಾಗೆ ಹೊಳೆಯುತ್ತದೆ ನಿಜ, ಒಳ್ಳೇ ಬರ್ಮಾ ಕೆಂಪೂ ಹಾಗೇ ಹೊಳೆಯುತ್ತದೆ. ಕಬ್ಬಿಣದ ಅಂಶ ಜಾಸ್ತಿ ಇರುವ ಥಾಯ್ಲೆಂಡಿನ ಕಲ್ಲು ಮಂಕು.

ಒಂದು ಎಚ್ಚರಿಕೆ. ಹಿಂಬದಿ ಚಿನ್ನದಿಂದ ಮುಚ್ಚಿದ, ಒಳಗೆ ಅರಗು ತುಂಬಿ ಬಣ್ಣದ ತಗಡು ಇಟ್ಟಿರುವ ಹಳೇ ಕೆಂಪಿನ ಅಡ್ಡಿಕೆ, ಓಲೆ, ಜಡೆಬಿಲ್ಲೆಯನ್ನು ದಯವಿಟ್ಟು ನೀರಿಗೆ ಹಾಕಬೇಡಿ, ಹಾಲಿಗಂತೂ ಬೇಡವೇ ಬೇಡ. ತಗಡು ಕಪ್ಪಾದರೆ ಕಲ್ಲೇ ಸತ್ತ ಹಾಗೆ ಕಾಣುತ್ತದೆ.

ಪ್ರಶ್ನೆ: ಅತ್ತೆಯ ಏಳು ಕಲ್ಲಿನ ವಜ್ರದ ಓಲೆ, 60 ವರ್ಷ ಹಳೇದು. ಬ್ಲೂ ಜಾಗರ್ ಅಂತಾರೆ. ಪೆನ್ನಿನ ಥರದ ಟೆಸ್ಟರ್ ಒಂದು ಕಲ್ಲಿಗೆ ಬಿಟ್ಟು ಉಳಿದ ಎಲ್ಲಕ್ಕೂ ಕೂಗಿತು. ಯಾಕೆ?
– ಓದುಗರು, ದಾವಣಗೆರೆ

ಉತ್ತರ: ಯಾವಾಗಲೋ ಒಂದು ಬಿದ್ದುಹೋಗಿ, ಆಮೇಲೆ ಹಾಕಿಸಿದ್ದಿರಬೇಕು. ಅದು ಸಿಜೆಡ್ (ಕ್ಯೂಬಿಕ್ ಜಿರ್ಕೋನಿಯಾ ಅನ್ನುವ, ವಜ್ರದಂತೆ ಕಾಣುವ ಕೃತಕ ಕಲ್ಲು) ಆಗಿದ್ದರೆ 1976ರ ನಂತರದ್ದು, ಅದಕ್ಕೆ ಮುಂಚೆ ಆ ಕಲ್ಲು ಮಾರುಕಟ್ಟೆಯಲ್ಲೇ ಇರಲಿಲ್ಲ. ಲೂಪ್‌ನಲ್ಲಿ ಅದರ ಅಂಚು ನೋಡಿ, ಪಕ್ಕದ ವಜ್ರದ ಅಂಚು ಬ್ಲೇಡಿನಂತಿದ್ದರೆ ಇದರದ್ದು ಸವೆದ ಪೆನ್ಸಿಲ್ ಥರ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗಣಿಯಿಂದ ಬಂದ ವಜ್ರಗಳ ಸಾಲು ಸಾಮಾನ್ಯವಾಗಿ ಒಂದೇ ಥರ ಹೊಳೆಯುವುದಿಲ್ಲ. ಒಂದು ಜೋರು ನೀಲಿ, ಒಂದು ಮಂಕು, ಒಂದು ಸುಮ್ನೆ ಕಪ್ಪಗೆ. ಜಾಗರ್ ಅನ್ನುವ ಹೆಸರು ಬಂದಿದ್ದೇ ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ, ಅಲ್ಲಿನ ಕಲ್ಲಿನ ನೀಲಿ ಛಾಯೆಯಿಂದ. ಟೆಸ್ಟರ್ ಕೂಗಿತು ಅಂತ ಪೂರ್ತಿ ನಂಬಬೇಡಿ, ವಜ್ರದಂತೆ ಕಾಣುವ ಮೊಯ್ಸನೈಟ್ ಅನ್ನುವ ಕಲ್ಲಿಗೂ, ಲ್ಯಾಬ್‌ನಲ್ಲಿ ಬೆಳೆಸಿದ ವಜ್ರಕ್ಕೂ ಅದು ಕೂಗುತ್ತದೆ.

ಪ್ರಶ್ನೆ: ಹಳೇ ಒಡವೆ ಮಾರುವವರೊಬ್ಬರು "ಮೈಸೂರು ಸ್ಟಾರ್ ರೂಬಿ" ಅಂತ ಉಂಗುರ ತೋರಿಸಿದರು. ಬೆಳಕು ಬಿದ್ದಾಗ ಕಲ್ಲಿನ ಮೇಲೆ ಮೂಡುವ ನಕ್ಷತ್ರ ಎಷ್ಟು ಚೆನ್ನಾಗಿದೆ ಅಂದರೆ ಬರೆದ ಹಾಗಿದೆ. ತೊಗೊಳ್ಳಲಾ?
– ಓದುಗರು, ಮಂಡ್ಯ

ಉತ್ತರ: ಬರೆದ ಹಾಗಿದ್ದರೆ ಬೇಡ. ನಮ್ಮ ಮೈಸೂರು ಸೀಮೆಯ ಕಲ್ಲು ಕೊಂಚ ಕಂದು, ಕೊಂಚ ನೇರಳೆ, ಒಳಗೆ ಬೆಳಕು ಸರಿಯಾಗಿ ಹಾಯುವುದಿಲ್ಲ. ನಕ್ಷತ್ರದ ಕಾಲು ಅಂಕುಡೊಂಕು, ಒಂದು ಕಾಲು ಮಂಕಾಗಿರುವುದೂ ಉಂಟು. ತೂಕ ಉಳಿಸೋಕೆ ಕೆಳಭಾಗವನ್ನು ಸಾಣೆ ಹಿಡಿಯದೇ ಒರಟಾಗಿ ಬಿಟ್ಟಿರುತ್ತಾರೆ. 1947ರಿಂದ ಅಮೆರಿಕದ ಲಿಂಡೆ ಕಂಪನಿ ಸಿಂಥೆಟಿಕ್ ನಕ್ಷತ್ರದ ಕಲ್ಲು ಮಾಡುತ್ತಿತ್ತು. ಅದರಲ್ಲಿ ಆರೂ ಕಾಲು ಅಂಚಿನಿಂದ ಅಂಚಿಗೆ ಚೂಪಾಗಿ ಇರುತ್ತವೆ, ತಳ ಸಪಾಟು. ಕೆಲವದರ ತಳದಲ್ಲಿ "ಎಲ್" ಅಂತ ಇಂಗ್ಲಿಷ್ ಅಕ್ಷರ ಕೂಡ ಕೊರೆದಿರುತ್ತದೆ, ತಿರುಗಿಸಿ ನೋಡಿ.

ಪ್ರಶ್ನೆ: ಹಾಲ್‌ಮಾರ್ಕ್ ಮಾಡಿಸಿದರೆ ಕಲ್ಲೂ ಅಸಲಿ ಅಂತ ಆಗುತ್ತದಾ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ. 916 ಅನ್ನುವುದು ಚಿನ್ನದ ಮಾತು ಮಾತ್ರ. ಕಲ್ಲಿಗೆ ರತ್ನ ಪರೀಕ್ಷೆಯ ಲ್ಯಾಬ್ ವರದಿ ಬೇರೆ ಮಾಡಿಸಬೇಕು, ಕಲ್ಲು ಮಾರದ ಲ್ಯಾಬ್‌ನಿಂದಲೇ ಮಾಡಿಸಿ. ವರದಿಯಲ್ಲಿ ಎರಡು ಕಡೆ ಓದಿ: ಕಲ್ಲು ನೈಸರ್ಗಿಕವೋ ಅಲ್ಲವೋ ಅನ್ನುವುದು ಒಂದು, ಅದಕ್ಕೆ ಏನಾದರೂ ಮಾಡಿದ್ದಾರಾ ಅನ್ನುವುದು ಇನ್ನೊಂದು. ಬಿರುಕಿಗೆ ಸೀಸದ ಗಾಜು ತುಂಬಿದ ಕೆಂಪು ಇತ್ತೀಚೆಗೆ ಬಹಳ ಬಂದಿದೆ, ನೈಸರ್ಗಿಕ ಅಂತಲೇ ಬರೆದಿರುತ್ತಾರೆ, ಸುಳ್ಳೂ ಅಲ್ಲ. ಆದರೆ ಅಕ್ಕಸಾಲಿ ಬೆಸುಗೆಯ ಉರಿ ತಾಗಿಸಿದರೆ ಆ ಗಾಜು ಕೆಟ್ಟು ಕಲ್ಲು ಹಾಳು. ಸಾಗರದವರೂ ಕೇಳಿಸಿಕೊಳ್ಳಿ: ಸೈಜ್ ಮಾಡುವ ಮುಂಚೆ ಕಲ್ಲು ಬಿಚ್ಚಿಸಿ, ತೂಗಿಸಿ, ಫೋಟೋ ತೆಗೆದು, ಚೀಟಿಯಲ್ಲಿ ಬರೆಸಿಕೊಂಡು ಕೊಡಿ.